ಗೂಡು ಮೊದಲು, ಗೊಂಬೆ ಆಮೇಲೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಹೊಸ ಮನೆ ಎದ್ದು ಗಿಲಾವು ಮುಗಿಯುವ ಹೊತ್ತಿಗೆ ಒಂದು ಮಾತುಕತೆ ನಡೆದೇ ನಡೆಯುತ್ತದೆ. ಮನೆಯವರು ಮೊಬೈಲು ತೆಗೆದು ಗೌಂಡಿಗೋ ಪಿಒಪಿ ಕೆಲಸದವರಿಗೋ ಒಂದು ಚಿತ್ರ ತೋರಿಸಿ, ‘ಹಿಂಗ ಮಾಡ್ರಿ’ ಅನ್ನುತ್ತಾರೆ. ಚಿತ್ರದ ಕೋಣೆ ಮುಂಬೈಯದೋ ದುಬೈಯದೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಯಾರೂ ಎಂದೂ ವಾಸ ಮಾಡಿರದಿರಲೂಬಹುದು. ಇಂಥ ಎಷ್ಟೋ ಕೋಣೆಗಳು ಕಂಪ್ಯೂಟರಿನಲ್ಲೇ ಹುಟ್ಟಿದವು. ಟಿವಿಯ ಹಿಂದೆ ಪಿವಿಸಿ ಹಲಗೆ, ಸೀಲಿಂಗಿನ ಅಂಚಿಗೆ ಎಲ್‌ಇಡಿ ಪಟ್ಟಿ, ಮೂಲೆಗೆ ಪ್ಲಾಸ್ಟಿಕ್ ಗಿಡ. ಇದನ್ನು ಗೇಲಿ ಮಾಡುವುದು ಸುಲಭ, ಅಷ್ಟೇ ಅನ್ಯಾಯ ಕೂಡ. ಬ್ಯಾಂಕಿನ ಸಾಲ ತೀರಿಸುತ್ತ ಕಟ್ಟಿಸಿದ ಮನೆ ಚೆಂದ ಕಾಣಲಿ ಎಂದು ಆಸೆಪಡುವುದರಲ್ಲಿ ತಪ್ಪೇನಿದೆ? ಕೇಳಬೇಕಾದ ಪ್ರಶ್ನೆ ಬೇರೆ. ಮನೆ ಸಿಂಗರಿಸಲು ಬೇಕಾದ ಹೊಳಹನ್ನು ಎಲ್ಲಿ ಹುಡುಕಬೇಕು? ಮುಗಿದ ಚಿತ್ರವೊಂದನ್ನು ಮುಂದಿಟ್ಟುಕೊಂಡು ಶುರು ಮಾಡಿದರೆ, ನಾವು ಮಾಡಬೇಕಾದ ತೀರ್ಮಾನಗಳನ್ನೆಲ್ಲ ಬೇರೆ ಯಾರೋ ಮೊದಲೇ ಮಾಡಿ ಮುಗಿಸಿರುತ್ತಾರೆ. ಆ ಕೋಣೆಯಲ್ಲಿ ದಿನವೂ ನಡೆಯುವ ಕೆಲಸ, ಅದಕ್ಕೆ ಬೀಳುವ ಬೆಳಕು, ಸುತ್ತಮುತ್ತ ಸಿಗುವ ಸಾಮಾನು, ಇವುಗಳಿಂದ ಶುರು ಮಾಡಿದರೆ ಆ ತೀರ್ಮಾನಗಳು ನಮ್ಮ ಪಾಲಿಗೆ ಉಳಿಯುತ್ತವೆ. ಸ್ವಂತ ಅಭಿರುಚಿ ಬೆಳೆಯುವುದು ಅಲ್ಲೇ ಎಂಬುದು ನನ್ನ ವಾದ.

ಇದಕ್ಕೆ ಮೊದಲ ಸಾಕ್ಷಿ ಈ ಭಾಗದ ಹಳೆಯ ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ದಂಟು, ಸೊಪ್ಪು, ಆಮೇಲೆ ದಪ್ಪನೆಯ ಮಣ್ಣು. ಅಷ್ಟು ಭಾರ ಹೊರಲು ಗೋಡೆ ದಪ್ಪವಿರಲೇಬೇಕು. ನಲವತ್ತು ಡಿಗ್ರಿ ದಾಟುವ ಬೇಸಿಗೆ ತಡೆಯಲೂ ಅದು ಬೇಕು. ಗೋಡೆ ದಪ್ಪವಿದ್ದುದರಿಂದಲೇ ಅದರೊಳಗೆ ಗೂಡು ಬಿಡಲು ಸಾಧ್ಯವಾಯಿತು. ಒಂದು ಗೂಡಿಗೆ ದೀಪ, ಇನ್ನೊಂದಕ್ಕೆ ಕುಂಕುಮದ ಭರಣಿ, ಮತ್ತೊಂದಕ್ಕೆ ಲೆಕ್ಕದ ಪುಸ್ತಕ. ದೀಪದ ಹೊಗೆಗೆ ಗೂಡಿನ ನೆತ್ತಿ ಕಪ್ಪಾದಾಗ ಸುಣ್ಣ ಹೊಡೆದರು. ಸುಣ್ಣ ಹೊಡೆದಮೇಲೆ ಅಂಚಿಗೆ ಕೆಮ್ಮಣ್ಣಿನ ಗೆರೆ ಎಳೆದರು. ಗೆರೆ ಎಳೆದವಳ ಕೈ ಸುಮ್ಮನಿರದೆ ಮೇಲೊಂದು ಬಳ್ಳಿ ಬಿಡಿಸಿತು. ಅಲಂಕಾರ ಬಂದ ಕ್ರಮ ಅದು. ಅರಿವೆ ತೂಗುಹಾಕಲು ಗೂಟ ಬೇಕಿತ್ತು, ಬಡಿಗ ಅದರ ತುದಿಯನ್ನು ಗಿಳಿಯ ಕೊಕ್ಕು ಮಾಡಿದ, ಗಿಳಿಗೂಟವಾಯಿತು. ಕಾಳುಕಡಿ ತುಂಬಿಡಲು ಗಡಿಗೆಗಳು ಬೇಕು, ಜಾಗ ಕಡಿಮೆ. ದೊಡ್ಡದರ ಮೇಲೆ ಚಿಕ್ಕದು ಇಟ್ಟು ಏರಿಸಿದ ಅಡಕಲ ಗಡಿಗೆಗಳ ಸಾಲು ಅಡುಗೆಮನೆಯ ಅತಿ ಸುಂದರ ನೋಟವಾಯಿತು. ಬೆಣ್ಣೆ ಬೆಕ್ಕಿಗೆ ಸಿಗಬಾರದೆಂದು ನೆಲವು ಬಂತು, ಹೆಣೆಯುವವರು ಅದಕ್ಕೆ ಗಂಟಿನ ವಿನ್ಯಾಸ ಕೊಟ್ಟರು. ಈ ಯಾವುದನ್ನೂ ‘ಶೋಪೀಸ್’ ಎಂದು ಯಾರೂ ತಂದಿಡಲಿಲ್ಲ.

ಇವೆಲ್ಲಕ್ಕಿಂತ ಬಲವಾದ ಉದಾಹರಣೆ ಕೌದಿ. ಹರಿದ ಸೀರೆ, ಹಳೆಯ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಎಲ್ಲವನ್ನೂ ಪದರು ಪದರಾಗಿ ಹಾಸಿ ದಪ್ಪ ದಾರದಿಂದ ಸಾಲು ಹೊಲಿಗೆ ಹಾಕುತ್ತಾರೆ. ಬಣ್ಣಗಳನ್ನು ಆಯ್ದುಕೊಳ್ಳಲು ಅಲ್ಲಿ ಅಂಗಡಿಯ ಪುಸ್ತಕವಿಲ್ಲ. ಆ ಮನೆಯವರು ಏನೇನು ಉಟ್ಟು ಬಿಟ್ಟರೋ ಅಷ್ಟೇ ಬಣ್ಣ. ಆದರೂ ಆ ಅಷ್ಟರೊಳಗೇ ನಡುವೆ ಯಾವ ಚೌಕ, ಅಂಚಿಗೆ ಯಾವ ಪಟ್ಟಿ, ಹಸಿರಿನ ಪಕ್ಕ ಕೆಂಪೋ ಹಳದಿಯೋ ಎಂಬ ತೀರ್ಮಾನ ಹೊಲಿಯುವವಳದ್ದು. ಹಾಗಾಗಿ ಎರಡು ಮನೆಯ ಕೌದಿ ಒಂದೇ ಥರ ಇರುವುದಿಲ್ಲ. ಆನ್‌ಲೈನಿನಲ್ಲಿ ಸಾವಿರಾರು ಬೆಡ್‌ಶೀಟುಗಳಲ್ಲಿ ಒಂದನ್ನು ಆರಿಸುವವರಿಗೆ ಆಯ್ಕೆ ಹೆಚ್ಚು ಅನ್ನಿಸಬಹುದು. ಅದೇ ಬೆಡ್‌ಶೀಟು ಇನ್ನೆಷ್ಟು ಮಂಚಗಳ ಮೇಲಿದೆಯೋ ಯಾರು ಬಲ್ಲರು.

ಸಾಮಾನಿನ ವಿಷಯಕ್ಕೆ ಬಂದರೆ ಈ ಜಿಲ್ಲೆಯ ಕಾಲ ಕೆಳಗೇ ಒಂದು ವಿಚಿತ್ರವಿದೆ. ಆಳಂದದ ಕಡೆ ನೆಲದಡಿ ಕಪ್ಪು ಬಸಾಲ್ಟ್. ಜೇವರ್ಗಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹೋದರೆ ಸುಣ್ಣಕಲ್ಲಿನ ಪದರುಗಳು, ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವಂಥವು. ಈ ಕಲ್ಲು ತೆಳ್ಳಗೆ ಹಾಳೆ ಹಾಳೆಯಾಗಿ ಏಳುತ್ತದೆ. ಅದೇ ಶಹಾಬಾದ್ ಫರ್ಸಿ. ಬೂದು, ನೀಲಿಗಪ್ಪು, ತುಸು ಹಳದಿ. ನೆಲಕ್ಕೆ, ಕಟ್ಟೆಗೆ, ಮೆಟ್ಟಿಲಿಗೆ, ಅಡುಗೆಮನೆಯ ಕಪಾಟಿಗೆ, ಕೆಲವೆಡೆ ಸೂರಿಗೂ ಇದೇ. ಭೀಮೆಯ ದಂಡೆಯ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪದ ಶಿಲ್ಪಿಗಳು ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆಯೇ ಕೆಲಸ ಮಾಡಿದರು; ‘ರಾಯೋ ಅಸೋಕೋ’ ಎಂಬ ಹೆಸರಿನೊಡನೆ ಅಶೋಕನನ್ನು ಕಡೆದ ಫಲಕ ಅಲ್ಲಿಯದೇ. ಈ ನೆಲದ ಮೇಲೆ ಈಗ ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬಂದ, ಇಟಲಿಯ ಅಮೃತಶಿಲೆಯ ಗೆರೆಗಳನ್ನು ಅಚ್ಚು ಹಾಕಿದ ಟೈಲ್ಸು ಹಾಸುತ್ತೇವೆ. ಟೈಲ್ಸು ಕೆಟ್ಟದ್ದೆಂದಲ್ಲ. ಒರೆಸಲು ಹಗುರ, ಕಲೆ ಹಿಡಿಯುವುದಿಲ್ಲ. ನನ್ನ ತಕರಾರು ಆ ಅಮೃತಶಿಲೆಯ ಗೆರೆಗಳ ಮೇಲೆ ಮಾತ್ರ. ಬಣ್ಣವೊಂದನ್ನು ಆರಿಸಿದರೆ ಅದು ನಮ್ಮ ಕೋಣೆಗೆ ಹೊಂದುತ್ತದೋ ಇಲ್ಲವೋ ಎಂದು ನೋಡುತ್ತೇವೆ. ಕಾಣದ ಕಲ್ಲಿನ ನಕಲನ್ನು ಆರಿಸಿದಾಗ ನೋಡುವುದು ಬಿಟ್ಟು ನಂಬತೊಡಗುತ್ತೇವೆ.

ಇಲ್ಲಿ ಗಟ್ಟಿ ಆಕ್ಷೇಪವೊಂದು ಎದುರು ನಿಲ್ಲುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಕಲ್ಲುಮಣ್ಣಿನ ದಪ್ಪ ಗೋಡೆ ಮತ್ತು ಮೇಲಿನ ಮಣ್ಣಿನ ಭಾರ. ಆ ಭೂಕಂಪಕ್ಕೆ ತತ್ತರಿಸಿದ ಉಮರ್ಗಾ ತಾಲ್ಲೂಕು ಆಳಂದಕ್ಕೆ ಹೊಂದಿಕೊಂಡೇ ಇದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಮಣ್ಣಿನ ಗೋಡೆಗಳು ನೆನೆದು ಕುಸಿದವು. ಇದನ್ನು ಕಂಡವರ ಮುಂದೆ ಮಾಳಿಗೆ ಮನೆಯ ಸೊಬಗನ್ನು ಬಣ್ಣಿಸುವುದು ನಾಚಿಕೆಗೇಡು. ಅದೂ ಅಲ್ಲದೆ ಆ ಮಾಳಿಗೆಯ ಕೆಲಸ ಯಾರ ಮೈಮೇಲಿತ್ತು? ಮಳೆಗಾಲಕ್ಕೆ ಮೊದಲು ಮಣ್ಣು ಹೊತ್ತು ಹಾಕುವುದು, ವಾರವಾರ ನೆಲ ಸಾರಿಸುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು, ಬಹುಪಾಲು ಹೆಂಗಸರ ದುಡಿಮೆ; ಗೌಡರ ವಾಡೆಯಲ್ಲಾದರೆ ಆಳುಗಳದ್ದು. ಕೆತ್ತಿದ ಕಂಬಗಳ ವಾಡೆ ಊರಿಗೆ ಒಂದೋ ಎರಡೋ; ಉಳಿದವರದ್ದು ಜೋಪಡಿ, ತೊಗರಿ ಕಟ್ಟಿಗೆಯ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ. ಪತ್ರಿಕೆಗಳಲ್ಲಿ ‘ನಮ್ಮ ಪರಂಪರೆಯ ಮನೆ’ ಎಂದು ಅಚ್ಚಾಗುವ ಚಿತ್ರಗಳಲ್ಲಿ ವಾಡೆ ಮಾತ್ರ ಕಾಣುತ್ತದೆ.

ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೂ ವಾದ ಬೀಳುವುದಿಲ್ಲ, ಏಕೆಂದರೆ ಅದು ಮಾಳಿಗೆ ಮನೆಗೆ ಮರಳಿ ಎಂಬ ವಾದವಲ್ಲ. ಮಾಳಿಗೆಯಿಂದ ತೆಗೆದುಕೊಳ್ಳಬೇಕಾದದ್ದು ಅದರ ಮಣ್ಣನ್ನಲ್ಲ, ಬೇಕಾದ್ದೇನು ಎಂದು ಮೊದಲು ಕೇಳಿ ಚೆಂದವನ್ನು ಅದರ ಬೆನ್ನಿಗೆ ತರುವ ಕ್ರಮವನ್ನು. ಕಬ್ಬಿಣ, ಸಿಮೆಂಟು ಹಾಕಿ ಕಟ್ಟಿದ ಮನೆಯಲ್ಲೂ ಆ ಕ್ರಮ ನಡೆಯುತ್ತದೆ. ಅಷ್ಟೇ ಅಲ್ಲ, ದುಡಿಮೆಯ ಪ್ರಶ್ನೆಯನ್ನು ಈಗ ಇನ್ನಷ್ಟು ಮುಂದಿಡಬೇಕು: ಪಿಒಪಿಯ ಮೂರು ಮೆಟ್ಟಿಲ ಸೀಲಿಂಗಿನ ಸಂದಿನಲ್ಲಿ ಕೂಡುವ ಕರಿಮಣ್ಣಿನ ಧೂಳನ್ನು ಏಣಿ ಹತ್ತಿ ಯಾರು ಒರೆಸುತ್ತಾರೆ? ಚಿತ್ರ ತೋರಿಸಿದವರು ಒರೆಸುವುದು ಅಪರೂಪ.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನದು. ಆಳಂದದವರು ಆಳಂದದ ಸಾಮಾನಿಗೇ ಏಕೆ ಕಟ್ಟುಬೀಳಬೇಕು? ದೂರದ್ದನ್ನು ಬಯಸುವುದು ನಗರದವರ ಹಕ್ಕು ಮಾತ್ರವೇ? ಈ ಪ್ರಶ್ನೆಗೆ ಕಲಬುರಗಿಯ ಚರಿತ್ರೆಯೇ ಉತ್ತರ. ಬಹಮನಿ ಸುಲ್ತಾನ ಫಿರೋಜ್ ಶಹಾ (ಆಳ್ವಿಕೆ 1397–1422) ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಕಟ್ಟಿಸಿದಾಗ ಕಮಾನು, ಗುಮ್ಮಟ, ಹಮಾಮುಗಳ ಕಲ್ಪನೆ ಪರ್ಷಿಯಾದ ಕಡೆಯಿಂದ ಬಂತು. ಗೋಡೆಗೆ ಬಂದದ್ದು ಇಲ್ಲಿನ ಕಲ್ಲು, ಸುಣ್ಣದ ಗಾರೆ. ಕಲಬುರಗಿಯ ಹಫ್ತ್ ಗುಂಬಜಿನಲ್ಲಿ ಅವನ ಸಮಾಧಿಯ ಗಾರೆ ಅಲಂಕಾರ ನೋಡಿದರೆ ಎರವಲು ಎಂಬ ಮಾತೇ ಮರೆತುಹೋಗುತ್ತದೆ. ಹೊರಗಿನ ಆಕಾರವನ್ನು ಇಲ್ಲಿನ ಬಿಸಿಲು, ಕಲ್ಲು, ಕೈಗಳು ತಿದ್ದಿದವು. ಎರವಲು ತರುವುದಕ್ಕೆ ನನ್ನ ವಿರೋಧವಿಲ್ಲ. ತಂದದ್ದನ್ನು ತಿದ್ದದೆ ಬಿಡುವುದಕ್ಕೆ ವಿರೋಧ. ಹತ್ತಿರದ ಕಾಲದ ನಿದರ್ಶನ ಬೇಕಿದ್ದರೆ ಎಸ್.ಎಂ. ಪಂಡಿತರಿದ್ದಾರೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮದರಾಸು, ಮುಂಬೈಗಳಲ್ಲಿ ಪಾಶ್ಚಾತ್ಯ ರೀತಿಯ ಚಿತ್ರಕಲೆ ಕಲಿತು, ಸಿನಿಮಾ ಪೋಸ್ಟರುಗಳನ್ನು ಬರೆದು, ಆ ನೆರಳುಬೆಳಕಿನಲ್ಲೇ ರಾಮಾಯಣ, ಮಹಾಭಾರತಗಳನ್ನು ಕ್ಯಾಲೆಂಡರಿಗೆ ಇಳಿಸಿದವರು. ಆ ಕ್ಯಾಲೆಂಡರುಗಳು ದೇಶದ ಸಾವಿರಾರು ಗೋಡೆಗಳಿಗೆ ಹೋದವು. ಒಂದೇ ಚಿತ್ರ ಸಾವಿರ ಗೋಡೆಯ ಮೇಲಿದ್ದರೆ ಅದು ಸ್ವಂತದ್ದು ಹೇಗಾದೀತು ಎಂದು ಕೇಳಬಹುದು. ಕ್ಯಾಲೆಂಡರು ಗೋಡೆ ಏರುವುದು ತಿಥಿ, ಅಮಾವಾಸ್ಯೆ, ಹಾಲಿನ ಲೆಕ್ಕದ ನೆಪದಿಂದ. ವರ್ಷ ಮುಗಿದಮೇಲೆ ತಾರೀಖು ಕತ್ತರಿಸಿ ಚಿತ್ರಕ್ಕೆ ಚೌಕಟ್ಟು ಹಾಕಿಸುವುದೋ, ಮಡಚಿ ಪುಸ್ತಕಕ್ಕೆ ರಟ್ಟು ಹಾಕುವುದೋ ಎಂಬಲ್ಲಿ ಮನೆಯವರ ತೀರ್ಮಾನ ಶುರುವಾಗುತ್ತದೆ. ಚೌಕಟ್ಟು ಹಾಕಿಸಿದ ಮನೆ ಆ ಚಿತ್ರವನ್ನು ಆರಿಸಿಕೊಂಡಿತು.

ಚೌಕಟ್ಟಿನ ಮಾತು ಬಂದದ್ದರಿಂದ ಹೇಳಬೇಕು: ಈ ತಾಲ್ಲೂಕುಗಳ ಪಡಸಾಲೆಗಳಲ್ಲಿ ಅತಿ ಖಾಸಗಿಯಾದ ಅಲಂಕಾರವೆಂದರೆ ಸೂರಿನ ಹತ್ತಿರ ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ ಫೋಟೋಗಳ ಸಾಲು. ಗಾಣಗಾಪುರದ ದತ್ತಾತ್ರೇಯ, ಘತ್ತರಗಿಯ ಭಾಗ್ಯವಂತಿ, ಶರಣಬಸವೇಶ್ವರರು. ಇನ್ನೊಂದು ಮನೆಯಲ್ಲಿ ಮಕ್ಕಾದ ಚಿತ್ರ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಫೋಟೋ. ಮತ್ತೊಂದರಲ್ಲಿ ಬುದ್ಧ ಮತ್ತು ನೀಲಿ ಕೋಟಿನ ಅಂಬೇಡ್ಕರ್. ಪಕ್ಕದಲ್ಲಿ ತೀರಿಹೋದ ಅಜ್ಜ, ಮದುವೆಯ ದಿನ ಸ್ಟುಡಿಯೋದಲ್ಲಿ ನಿಂತ ದಂಪತಿ. ಒಳಾಂಗಣ ವಿನ್ಯಾಸಕಾರರು ಮೊದಲು ತೆಗೆಸುವುದು ಈ ಸಾಲನ್ನೇ, ‘ಗೋಡೆ ಗಿಜಿಗುಡುತ್ತದೆ’ ಎಂದು. ಅಂಬೇಡ್ಕರರ ಚಿತ್ರ ದಲಿತರ ಮನೆಯ ಗೋಡೆಗೆ ಬಂದದ್ದು ಬಣ್ಣ ಹೊಂದಿಸಲು ಅಲ್ಲ. ಆ ಮನೆ ಯಾರ ಮಾತಿಗೆ ಎದ್ದುನಿಂತಿದೆ ಎಂಬುದನ್ನು ಒಳಬಂದವರಿಗೆ ಅದು ಹೇಳುತ್ತದೆ. ಅಂಥ ಗೋಡೆಯನ್ನು ಖಾಲಿ ಮಾಡಿ ಕ್ಯಾನ್ವಾಸಿನ ಮೇಲೆ ಅಚ್ಚಾದ ಓಡುವ ಏಳು ಕುದುರೆಗಳನ್ನು ಹಾಕುವುದನ್ನು ನಾನು ಅಭಿರುಚಿ ಅನ್ನಲಾರೆ. ಸಾಲನ್ನು ಕಣ್ಣೆತ್ತರಕ್ಕೆ ಇಳಿಸಿ, ಚೌಕಟ್ಟುಗಳನ್ನು ಸಮ ಮಾಡಿ, ಬೆಳಕು ಬೀಳುವ ಗೋಡೆಗೆ ತಂದರೆ ಸಾಕು.

ಇದರ ತಿರುಗುಮುರುಗು ಚಾಳಿಯೊಂದಿದೆ, ಸುಶಿಕ್ಷಿತರದ್ದು. ಬೀಸುಕಲ್ಲಿಗೆ ವಾರ್ನಿಶ್ ಬಳಿದು ಸೋಫಾದ ಪಕ್ಕ ಇಡುವುದು, ಬಂಡಿಯ ಗಾಲಿಯನ್ನು ಕಾಂಪೌಂಡಿಗೆ ಒರಗಿಸುವುದು, ತಾಂಡಾದ ಲಂಬಾಣಿ ಹೆಂಗಸರ ಕನ್ನಡಿ ಕಸೂತಿಯನ್ನು ಗಾಜು ಹಾಕಿಸಿ ಗೋಡೆಗೆ ಏರಿಸುವುದು. ಪರಂಪರೆಯ ಮೇಲೆ ಪ್ರೀತಿ ಎಂದು ಇದನ್ನು ಹೊಗಳುತ್ತಾರೆ. ನನಗೆ ಇದೂ ಮೊಬೈಲಿನ ಚಿತ್ರದ ನಕಲೇ ಅನ್ನಿಸುತ್ತದೆ, ಚಿತ್ರ ದುಬೈಯದ್ದರ ಬದಲು ರೆಸಾರ್ಟಿನದು. ಕಸೂತಿಯನ್ನು ದಿಂಬಿನ ಕವಚಕ್ಕೋ ಬಾಗಿಲ ತೋರಣಕ್ಕೋ ಹೇಳಿ ಹೊಲಿಸಿದರೆ, ಹೊಲಿಯುವವಳ ಜೊತೆ ಅಳತೆ, ಬಣ್ಣ, ಕೂಲಿ ಕುರಿತು ಮಾತಾಡಬೇಕಾಗುತ್ತದೆ. ಆ ಮಾತಿನಲ್ಲಿ ಇಬ್ಬರ ಆಯ್ಕೆಯೂ ಬೆರೆಯುತ್ತದೆ. ಕೈಕೆಲಸ ದುಬಾರಿ ಎಂಬ ದೂರು ನಿಜ. ಆದರೆ ಪಿವಿಸಿ ಗೋಡೆಗೆ ಚದರಡಿಯ ಲೆಕ್ಕದಲ್ಲಿ ಕೊಡುವ ದುಡ್ಡಿನಲ್ಲಿ ಒಂದು ಪಾಲು ಸಾಕು, ಇಡೀ ಗೋಡೆ ಮುಚ್ಚುವ ಹಟ ಬಿಟ್ಟರೆ.

ಕೊನೆಗೆ ಚಿಕ್ಕ ಮನೆಯ ಪ್ರಶ್ನೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಗೆ ನಿಗದಿಯಾದ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್. ಅಷ್ಟರಲ್ಲಿ ಸಿಂಗಾರದ ಮಾತೆತ್ತುವುದು ಉಳ್ಳವರ ಹರಟೆಯಲ್ಲವೇ? ನನ್ನ ಪ್ರಕಾರ ಗೂಡಿನ ತರ್ಕ ಹೆಚ್ಚು ಬೇಕಾದದ್ದು ಅಲ್ಲೇ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯಲ್ಲಿ ಗೂಡು ಕೊರೆಯಲು ಬರುವುದಿಲ್ಲ. ಒಂಬತ್ತು ಇಂಚಿನ ಗೋಡೆಯಲ್ಲಿ ಕಟ್ಟುವಾಗಲೇ ಅರ್ಧ ಇಟ್ಟಿಗೆಯ ಆಳ ಬಿಡಬಹುದು. ತೆಳು ಗೋಡೆಯಾದರೆ ಗಿಲಾವಿಗೆ ಮೊದಲು ಮೂಲೆಯಲ್ಲಿ ಎರಡೂ ಗೋಡೆಗೆ ಕಚ್ಚಿಸಿ ಫರ್ಸಿಯ ತುಂಡೊಂದನ್ನು ಕೂರಿಸಬಹುದು. ಹಾಸುವಾಗ ಕೊಯ್ದು ಉಳಿದ ತುಂಡೇ ಸಾಕು. ಬಾಡಿಗೆ ಮನೆಯವರಿಗೆ ಅದೂ ಇಲ್ಲ, ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ. ಅವರಿಗೆ ಉಳಿಯುವುದು ಋತುವಿನ ಅಲಂಕಾರ: ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಾಡಿದ ಎತ್ತುಗಳು, ಪಂಚಮಿಯ ಜೋಕಾಲಿ, ದೀಪಾವಳಿಯ ಸಗಣಿ ಪಾಂಡವರು, ಸುಗ್ಗಿಯಲ್ಲಿ ಬಾಗಿಲಿಗೆ ಕಟ್ಟುವ ಜೋಳದ ತೆನೆ. ಇವು ಗೋಡೆ ಕೆಡಿಸುವುದಿಲ್ಲ, ಧೂಳು ಹಿಡಿಯುವ ಮೊದಲೇ ಹೋಗುತ್ತವೆ, ವರ್ಷಕ್ಕೆ ನಾಲ್ಕೈದು ಸಲ ಕೋಣೆಯನ್ನು ಹೊಸದು ಮಾಡುತ್ತವೆ. ಸ್ವಂತ ಮನೆಯವರಾದರೆ ಗೌಂಡಿ ಗಿಲಾವಿನ ಕೆಲಸ ಹಿಡಿಯುವ ಮುಂಚಿನ ದಿನ ಮೊಬೈಲು ಪಕ್ಕಕ್ಕಿಟ್ಟು ಒಲೆಯ ಕಟ್ಟೆ, ದೇವರ ಜಾಗ, ಓದುವ ಮೂಲೆ, ಬಾಗಿಲ ಪಕ್ಕ ಹೀಗೆ ಒಂದೊಂದು ಕಡೆಯೂ ನಿಂತು, ಇಲ್ಲಿ ಕೈಗೆ ಏನು ಸಿಗಬೇಕು ಎಂದು ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕೇಳಿ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿಬಿಡಬೇಕು. ಗಿಲಾವು ಬಿದ್ದಮೇಲೆ ಕೇಳಿದರೆ ಗೌಂಡಿ ಒಪ್ಪುವುದಿಲ್ಲ.