ಬಣ್ಣದಡಿಯ ತುಕ್ಕಿಗೂ ಲೆಕ್ಕವಿದೆ

ತಂದೆಯವರು ತೀರಿಕೊಂಡ ಬಳಿಕ ನಮ್ಮ ಹಿತ್ತಿಲಿನ ಶೆಡ್ಡಿನಲ್ಲಿ ಅವರ ಹಳೆಯ ಅಂಬಾಸಿಡರ್ ಕಾರು ಉಳಿಯಿತು. ಕರಾವಳಿಯ ಮಳೆ ಮತ್ತು ಉಪ್ಪುಗಾಳಿ ಹಲವು ವರ್ಷಗಳಿಂದ ಅದನ್ನು ತಿನ್ನುತ್ತಲೇ ಇದ್ದವು. ಹೊರನೋಟಕ್ಕೆ ಗಾಂಭೀರ್ಯ ಮಾಸಿರಲಿಲ್ಲ. ಆದರೆ ಚಾಲಕನ ಕಾಲ ಕೆಳಗಿನ ತಗಡು ಬೆರಳು ಒತ್ತಿದರೆ ಪುಡಿಯಾಗುತ್ತಿತ್ತು. ವಾರೀಸುದಾರರೆಲ್ಲರೂ ಅದನ್ನು ಮಾರಲು ಒಪ್ಪಿದೆವು. ಆಗ ಬಂದ ಬ್ರೋಕರ್ ಯುವಕ ನಮ್ಮವನೇ, ಸಂಬಂಧಿಕನೇ. ಅವನು ಸಲಹೆ ಕೊಟ್ಟ: "ಕಾಕಾ, ಸ್ವಲ್ಪ ಟಿಂಕರಿಂಗ್ ಮಾಡಿಸಿ, ಪುಟ್ಟಿ ಹಾಕಿ ಬಿಳಿ ಬಣ್ಣ ಹೊಡೆಸೋಣ. ಕೆಳಗೆ ಹೊಸ ಮ್ಯಾಟ್ ಹಾಸಿದರೆ ಆಯಿತು. ನೀವು ಬಾಯಿ ಮಾತ್ರ ತೆರೆಯಬೇಡಿ. ಇದ್ದದ್ದು ಇದ್ದಂತೆಯೇ ಮಾರಾಟ ಎಂದು ಬರೆದುಬಿಡೋಣ."

ಅಲ್ಲಿ ಕುಳಿತಿದ್ದವರೆಲ್ಲರೂ ನಮಾಝ್ ತಪ್ಪಿಸದವರು. ಆದರೂ ಆ ಮಾತಿನಲ್ಲಿ ತಪ್ಪಿದೆಯೆಂದು ಒಬ್ಬರಿಗೂ ಅನಿಸಲಿಲ್ಲ. ನಾನೂ ಒಂದು ಕ್ಷಣ ಸುಮ್ಮನಿದ್ದೆ. ಈ ಬರಹ ಮೊದಲು ನನ್ನ ಆ ಮೌನದ ವಿರುದ್ಧ, ಬಳಿಕ ನಮ್ಮೆಲ್ಲರ ಮೌನದ ವಿರುದ್ಧ.

ಈ ಕಾರಿನಲ್ಲಿ ತುಕ್ಕೆಂದರೆ ಏನೆಂಬುದನ್ನು ಮೊದಲು ತಿಳಿಯೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್‌ಗೆ ಲಾರಿಗೆ ಇರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಗೋಡೆಗಳೆಲ್ಲ ಬೆಸೆದುಕೊಂಡು ದೇಹವೇ ಅದರ ಅಸ್ಥಿಪಂಜರವಾಗಿದೆ. ಆದುದರಿಂದ ನೆಲ ತುಕ್ಕು ಹಿಡಿದಿದೆ ಎಂದರೆ ಅಂದ ಕೆಟ್ಟಿದೆ ಎಂದಲ್ಲ, ಎಲುಬು ಸವೆದಿದೆ ಎಂದರ್ಥ. ಅದರ ಮೇಲೆ ಪುಟ್ಟಿ ಮೆತ್ತಿ ಮಾರುವವನು ಇನ್ನೊಬ್ಬರ ಹೆಂಡತಿ ಮಕ್ಕಳನ್ನು ಸವೆದ ಎಲುಬಿನ ಮೇಲೆ ಕೂರಿಸಿ ಕಳುಹಿಸುತ್ತಾನೆ.

ಪ್ರವಾದಿ ಮುಹಮ್ಮದ್(ಸ)ರವರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಳಿಸಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ಮೇಲೆ ಒಣಗಿದ್ದ ರಾಶಿಯ ಒಳಗೆ ಬೆರಳಿಗೆ ತೇವ ತಗುಲಿತು. ಮಳೆಯಿಂದ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಗಮನಿಸಿ, ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ, ಧಾನ್ಯ ನೆನೆದದ್ದೂ ಅವನ ತಪ್ಪಲ್ಲ. ಒದ್ದೆಯನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲಿಟ್ಟದ್ದೇ ತಪ್ಪು. ಕಾರು ತುಕ್ಕು ಹಿಡಿದದ್ದೂ ನಮ್ಮ ಪಾಪವಲ್ಲ. ಮ್ಯಾಟ್ ಹಾಸಿದ ಕ್ಷಣದಿಂದ ಪಾಪ ಆರಂಭವಾಗುತ್ತದೆ.

"ಕಾನೂನು ಇದಕ್ಕೆ ಅಡ್ಡಿಯಿಲ್ಲ" ಎನ್ನುವವರಿದ್ದಾರೆ. ಅವರ ಮಾತು ಅರ್ಧ ನಿಜ. 1872ರ ಭಾರತೀಯ ಒಪ್ಪಂದ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಕುದುರೆಯ ಉದಾಹರಣೆಯೊಂದಿದೆ. ತನ್ನ ಕುದುರೆ ಸ್ವಸ್ಥವಲ್ಲವೆಂದು ತಿಳಿದವನು ಹರಾಜಿನಲ್ಲಿ ಏನೂ ಹೇಳದೆ ಅದನ್ನು ಮಾರಿದರೆ, ಆ ಮೌನವಷ್ಟೇ ವಂಚನೆಯಾಗದು. ಆದರೆ ಅದೇ ಉದಾಹರಣೆ ಮುಂದುವರಿದು, ಕೊಳ್ಳುವವಳು ಆಗಷ್ಟೇ ವಯಸ್ಕಳಾದ ಅವನ ಮಗಳಾಗಿದ್ದರೆ ದೋಷವನ್ನು ಹೇಳುವುದು ಅವನ ಕರ್ತವ್ಯವೆನ್ನುತ್ತದೆ. ತಿಳಿದ ಸಂಗತಿಯನ್ನು ಕ್ರಿಯೆಯ ಮೂಲಕ ಮರೆಮಾಚುವುದನ್ನಂತೂ ಅದೇ ಸೆಕ್ಷನ್ ವಂಚನೆಯೆಂದೇ ಕರೆದಿದೆ. ಅಂದರೆ ಪುಟ್ಟಿ ಮೆತ್ತಿ ತುಕ್ಕು ಮುಚ್ಚುವವನಿಗೆ ದೇಶದ ಕಾನೂನಿನಲ್ಲಿಯೂ ಆಶ್ರಯವಿಲ್ಲ.

ಬರಿಯ ಮೌನಕ್ಕೆ ಕಾನೂನು ಸ್ವಲ್ಪ ಜಾಗ ಬಿಟ್ಟಿದೆ. ವಿಶ್ವಾಸಿಗೆ ಆ ಜಾಗವೂ ಇಲ್ಲ. ತನಗೆ ಬಯಸಿದ್ದನ್ನೇ ಸಹೋದರನಿಗೂ ಬಯಸದವನ ಈಮಾನ್ ಪೂರ್ಣವಾಗದೆಂದು ಕಲಿತವರು ನಾವು. ಕಾನೂನು ಮಗಳಿಗೆ ಮಾತ್ರ ಕೊಟ್ಟ ರಕ್ಷಣೆಯನ್ನು ನಮ್ಮ ಧರ್ಮ ಬಾಗಿಲಿಗೆ ಬಂದ ಅಪರಿಚಿತನಿಗೂ ಕೊಟ್ಟಿದೆ. ಅವನು ಯಾವ ಧರ್ಮದವನೆಂದು ಕೇಳುವ ಹಕ್ಕೂ ನಮಗಿಲ್ಲ.

ಇನ್ನು "ಇದ್ದದ್ದು ಇದ್ದಂತೆಯೇ" ಎಂಬ ಮಾತು. ದೋಷಗಳಿಗೆ ತಾನು ಹೊಣೆಯಲ್ಲವೆಂಬ ಷರತ್ತು ಎಷ್ಟರಮಟ್ಟಿಗೆ ಊರ್ಜಿತವೆಂಬ ಬಗ್ಗೆ ಫಿಕ್ಹ್ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತನಗೆ ತಿಳಿದ ದೋಷವನ್ನು ಮರೆಮಾಚಿ ವಂಚಿಸುವುದನ್ನು ಯಾವ ಮದ್‌ಹಬ್ ಕೂಡ ಒಪ್ಪಿಲ್ಲ. "ಕೆಲಸ ಬೇಕಾದ ಹಳೆಯ ಕಾರೆಂದು ಕೊಳ್ಳುವವನಿಗೆ ಗೊತ್ತೇ ಇದೆಯಲ್ಲ" ಎಂಬ ವಾದವೂ ನಿಲ್ಲದು. ಕೆಲಸವಿದೆ ಎಂದು ಅವನಿಗೆ ಗೊತ್ತು. ಯಾವ ಕೆಲಸ, ಎಲ್ಲಿ, ಎಷ್ಟು ಎಂಬುದು ಗೊತ್ತಿರುವುದು ನಿಮಗೆ. ಹೊಗೆ ಅಡಗಿಸಲು ಇಂಜಿನ್ನಿಗೆ ದಪ್ಪ ಆಯಿಲ್ ಸುರಿದದ್ದು, ಸೋರಿಕೆ ಕಾಣದಿರಲೆಂದು ಇಂಜಿನ್ ತೊಳೆದು ನಿಲ್ಲಿಸಿದ್ದು, ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿ ಆರ್‌ಸಿಯಲ್ಲಿ ದಾಖಲಿಸದಿದ್ದದ್ದು, ಇವು ಹಳೆಯ ಕಾರಿನ ಸಹಜ ಗುಣಗಳಲ್ಲ. ಇವು ಮಾರುವವನ ಕೈಕೆಲಸ. 2021ರ ಕೇಂದ್ರ ನಿಯಮಗಳಂತೆ 50 ವರ್ಷ ದಾಟಿ ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ಅವಕಾಶವಿದೆ. ಬದಲಾದ ಇಂಜಿನ್ನನ್ನು ಮುಚ್ಚಿಟ್ಟು ಮಾರಿದವನು ಕೊಂಡವನಿಂದ ಹಣವನ್ನಷ್ಟೇ ಅಲ್ಲ, ಆ ಆಸೆಯನ್ನೂ ಕಸಿಯುತ್ತಾನೆ.

ಕೊಳ್ಳುವವರೂ ತಮ್ಮ ಕೈ ನೋಡಿಕೊಳ್ಳಲಿ. ಗಂಡ ತೀರಿಹೋದ ಮನೆಗೆ ಹೋಗಿ, ಬೆಲೆಯರಿಯದ ಹೆಣ್ಣುಮಗಳ ಮುಂದೆ "ಇದು ಬರಿಯ ಗುಜರಿ" ಎಂದು ಮೂಗು ಮುರಿದು, ತೂಕದ ಲೆಕ್ಕದಲ್ಲಿ ಕಾರು ಎತ್ತಿಕೊಂಡು ಬಂದು ಅದನ್ನೇ "ಅಪರೂಪದ ಕ್ಲಾಸಿಕ್" ಎಂದು ಮಾರುವವರು ನಮ್ಮ ನಡುವೆಯೇ ಇದ್ದಾರೆ. ಇಲ್ಲದ ಗಿರಾಕಿಯನ್ನು ಸೃಷ್ಟಿಸಿ "ಬೆಂಗಳೂರಿನಿಂದ ಒಬ್ಬರು ಹೆಚ್ಚಿಗೆ ಕೇಳಿದ್ದಾರೆ" ಎನ್ನುವವರೂ ಇದ್ದಾರೆ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸುವುದನ್ನು ಪ್ರವಾದಿ(ಸ)ರವರು ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಈ ಹಣದಿಂದ ಸದಕಾ ಕೊಟ್ಟರೂ ಮಸೀದಿಗೆ ಕಾರ್ಪೆಟ್ ಹಾಸಿದರೂ ಕಾರಿನೊಳಗಿನ ಮ್ಯಾಟ್ ಮರೆತುಹೋಗದು.

ಹಾಗಾದರೆ ಮಾರುವುದು ಹೇಗೆ? ಒದ್ದೆಯನ್ನು ಮೇಲಿಡಿ. ಮೊದಲ ಚಿತ್ರವೇ ತುಕ್ಕಿನದಾಗಿರಲಿ. ಓಡುತ್ತದೆಯೋ ಇಲ್ಲವೋ, ಯಾವ ಭಾಗ ಇಲ್ಲ, ಯಾವುದು ಬದಲಾಗಿದೆ ಎಂಬುದನ್ನು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೊಳ್ಳುವವರ ಮೆಕ್ಯಾನಿಕ್ ಕಾರನ್ನು ಎತ್ತಿ ನೋಡಲಿ. ಅಯಸ್ಕಾಂತ ಹಿಡಿದು ತಟ್ಟಲಿ. ಪುಟ್ಟಿ ದಪ್ಪವಿರುವಲ್ಲಿ ಅದು ಅಂಟುವುದಿಲ್ಲ. ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಲಿ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಸುಮ್ಮನಾಗಬೇಡಿ; ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಆರ್‌ಟಿಓಗೆ ತಿಳಿಸಿ. ಆರ್‌ಸಿಯಲ್ಲಿ ಹೆಸರಿರುವವರೆಗೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲಕರೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ.

ನಾವು ಹಾಗೆಯೇ ಮಾರಿದೆವು. ಬ್ರೋಕರ್ ಹೇಳಿದ್ದಕ್ಕಿಂತ ಬಹಳ ಕಡಿಮೆ ಬೆಲೆ ಬಂತು. "ನಿಮ್ಮ ಪ್ರಾಮಾಣಿಕತೆಯಿಂದ ಸಹೋದರಿಯರ ಪಾಲೂ ಕಡಿಮೆಯಾಯಿತಲ್ಲ?" ಎಂದು ಮನೆಯಲ್ಲಿಯೇ ಆಕ್ಷೇಪ ಬಂತು. ಆ ಪ್ರಶ್ನೆ ಚುಚ್ಚಿತು. ಹಲವು ದಿನ ಯೋಚಿಸಿದೆ. ನನಗೆ ಸಿಕ್ಕಿದ ಉತ್ತರ ಇಷ್ಟೇ: ವಾರೀಸಿಗೆ ಬರುವುದು ತಂದೆಯವರ ಬಳಿ ಇದ್ದದ್ದು ಮಾತ್ರ. ತುಕ್ಕಿಲ್ಲದ ಕಾರು ಅವರ ಬಳಿ ಇರಲಿಲ್ಲ. ಇಲ್ಲದ ಕಾರಿನ ಬೆಲೆಯನ್ನು ಪಡೆದು ಹಂಚಿದ್ದರೆ ಸಹೋದರಿಯರಿಗೆ ಕೊಡುತ್ತಿದ್ದುದು ಪಾಲನ್ನಲ್ಲ, ಪರರ ಸೊತ್ತನ್ನು.

ಕೊಂಡವರು ಕಾರಿನ ನೆಲವನ್ನು ಕತ್ತರಿಸಿ ಹೊಸ ತಗಡು ಬೆಸೆಯಿಸುತ್ತಿದ್ದಾರಂತೆ. ಯಾವ ಜಾಗವನ್ನು ಕತ್ತರಿಸಬೇಕೆಂಬುದು ಅವರಿಗೆ ಮೊದಲೇ ತಿಳಿದಿತ್ತು. ನಾವು ಅವರಿಗೆ ಕೊಟ್ಟ ವಸ್ತುಗಳಲ್ಲಿ ಅತ್ಯಂತ ಬೆಲೆಬಾಳುವುದು ಆ ತಿಳಿವಳಿಕೆಯೇ ಇರಬಹುದು.

ಅಲ್ಲಾಹನು ನಮ್ಮ ವ್ಯವಹಾರಗಳನ್ನು ಶುದ್ಧಗೊಳಿಸಲಿ. ಅಲ್ಪವಾದರೂ ಹಲಾಲ್ ಆದುದರಲ್ಲಿ ಬರಕತ್ ನೀಡಲಿ.