ಥಂಡಿಗೆ ತತ್ತಿ ನಿಂತಿತೆಂದು ಕೋಳಿ ಮಾರಬೇಡಿ

"ಥಂಡಿ ಬಿತ್ತು ನೋಡ್ರಿ, ಕೋಳಿ ತತ್ತಿ ಇಡೂದ ಬಿಟ್ಟಾವ." ದೀಪಾವಳಿ ಮುಗಿದು ಎಳ್ಳ ಅಮವಾಸ್ಯೆ ಬರುವವರೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಯಾವ ಊರಿಗೆ ಹೋದರೂ ಹಿತ್ತಲಲ್ಲಿ ಈ ಮಾತು ಕೇಳುತ್ತದೆ. ಬೆನ್ನಿಗೇ ಇನ್ನೊಂದು ಮಾತು: "ಕಾಳು ತಿಂದು ಸುಮ್ನ ಕುಂತೈತಿ, ಸಂತಿಗೆ ಒಯ್ದು ಕೊಟ್ಟ ಬರೂಣು."

ಕೊಡಬೇಡಿ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇವೆ. ಥಂಡಿಯಲ್ಲಿ ತತ್ತಿ ನಿಲ್ಲಲು ಕಾರಣ ಕೋಳಿಯ ಸೋಮಾರಿತನವಲ್ಲ. ಅರ್ಧ ಕಾರಣ ಅದರ ಮೈಯ ಲೆಕ್ಕ, ಇನ್ನರ್ಧ ನಮ್ಮ ಕೈಯ ತಪ್ಪು.

ಮೊದಲು ನಮ್ಮದೇ ತಪ್ಪು ಹೇಳುತ್ತೇವೆ. ಕೋಳಿಗೂಡಿಗೆ ಬಲ್ಬ್ ಹಾಕಿದರೆ ಥಂಡಿಪೂರ್ತಿ ತತ್ತಿ ಸಿಗುತ್ತವೆ ಎಂಬ ವಿಡಿಯೊ ಒಂದನ್ನು ನಾವೂ ವಾಟ್ಸಾಪಿನಲ್ಲಿ ಹಂಚಿದ್ದೆವು. ನಮ್ಮಲ್ಲೊಬ್ಬರ ಮನೆಯಲ್ಲಿ ಆರು ಜವಾರಿ ಕೋಳಿಗಳ ಗೂಡಿಗೆ ಬಲ್ಬ್ ಹಾಕಿ ರಾತ್ರಿಯಿಡೀ ಉರಿಸಿದರು. ಕೋಳಿಗಳು ನಿದ್ದೆಗೆಟ್ಟು ಒಂದನ್ನೊಂದು ಕುಕ್ಕಿಕೊಂಡವು. ತತ್ತಿ ಮಾತ್ರ ಒಂದೂ ಬರಲಿಲ್ಲ. ಆಮೇಲೆ ನೋಡಿದರೆ ಅವು ಪುಕ್ಕ ಉದುರಿಸುತ್ತಿದ್ದವು.

ಬೆಳಕಿನ ಮಾತು ಸುಳ್ಳಲ್ಲ. ಚೆನ್ನಾಗಿ ತತ್ತಿ ಇಡಲು ಕೋಳಿಗೆ ದಿನಕ್ಕೆ 14 ಗಂಟೆಯಷ್ಟು ಬೆಳಕು ಬೇಕು. ಫಾರಂಗಳಲ್ಲಿ 16 ಗಂಟೆಯವರೆಗೂ ಕೊಡುತ್ತಾರೆ. ಆದರೆ ಆ ವಿಡಿಯೊಗಳು ಬರುವುದು ಥಂಡಿಯಲ್ಲಿ ಎಂಟೇ ಗಂಟೆ ಹಗಲಿರುವ ದೇಶಗಳಿಂದ. ನಮ್ಮ ಕಡೆ ಡಿಸೆಂಬರಿನ ಸಣ್ಣ ಹಗಲೂ 11 ಗಂಟೆ ದಾಟುತ್ತದೆ, ಜೂನಿನ ದೊಡ್ಡ ಹಗಲು 13 ಗಂಟೆ. ವ್ಯತ್ಯಾಸ ಎರಡೇ ಗಂಟೆ. ಹಾಗಾಗಿ ಬಲ್ಬಿಗಿಂತ ಮೊದಲು ನೋಡಬೇಕಾದ್ದು ಬೇರೆ ಇವೆ.

ಒಂದು, ಪುಕ್ಕ. ವರ್ಷ ತುಂಬಿದ ಕೋಳಿ ಹಗಲು ಸಣ್ಣದಾಗುವ ಹೊತ್ತಿಗೆ ಹಳೆ ಪುಕ್ಕ ಉದುರಿಸಿ ಹೊಸದು ಬೆಳೆಸುತ್ತದೆ. ಪುಕ್ಕ ಅಂದರೆ ಬಹುಪಾಲು ಪ್ರೋಟೀನು, ತತ್ತಿಗೂ ಅದೇ ಬೇಕು. ಎರಡನ್ನೂ ಒಮ್ಮೆಗೇ ಮಾಡಲು ಅದರಿಂದ ಆಗುವುದಿಲ್ಲ. ಎರಡು ಮೂರು ತಿಂಗಳು ತತ್ತಿ ನಿಲ್ಲುತ್ತವೆ, ಹೊಸ ಪುಕ್ಕ ಬಂದ ಮೇಲೆ ಮತ್ತೆ ಶುರುವಾಗುತ್ತವೆ. ಬೋಳು ಕುತ್ತಿಗೆ ನೋಡಿ ನಾವು ಸಂತೆಗೆ ಒಯ್ಯುವುದು ಸರಿಯಾಗಿ ಇದೇ ಹೊತ್ತಿಗೆ. ಬಿತ್ತನೆಗೆ ಹದಗೊಳಿಸಿದ ಹೊಲವನ್ನು ಪೈರಿಲ್ಲವೆಂದು ಮಾರಿದಂತೆ ಇದು.

ಎರಡು, ಹೊಟ್ಟೆ. ಮಳೆಗಾಲದಲ್ಲಿ ಹುಳ, ಗೆದ್ದಲು, ಹಸಿರು ಎಲ್ಲ ಹಿತ್ತಲಲ್ಲೇ ಸಿಗುತ್ತವೆ. ನೆಲ ಒಣಗಿದಂತೆ ಹುಳ ಇಲ್ಲವಾಗುತ್ತವೆ. ಆಗ ನಾವು ಎರಚುವುದು ಗೋವಿನಜೋಳ ಒಂದೇ. ಅದರಿಂದ ಕೋಳಿಯ ಹೊಟ್ಟೆ ತುಂಬುತ್ತದೆ, ತತ್ತಿ ಆಗುವುದಿಲ್ಲ. ಹತ್ತು ಪಾಲು ಮೇವಿನಲ್ಲಿ ಏಳು ಪಾಲು ಗೋವಿನಜೋಳ ಇಲ್ಲವೆ ಜೋಳದ ನುಚ್ಚು, ಎರಡು ಪಾಲು ಶೇಂಗಾ ಹಿಂಡಿ, ಒಂದು ಪಾಲು ತೌಡು ಇರಲಿ. ಮೇಯ್ದು ಬರುವ ಕೋಳಿಗೆ ಸಂಜೆ ಒಂದು ಹಿಡಿ ಸಾಕು. ನುಗ್ಗೆ ಸೊಪ್ಪು ಕೊಡಿ. ಹಳೆ ಗಡಿಗೆಯಲ್ಲಿ ಹಸಿ ಸಗಣಿ, ಹುಲ್ಲು ತುಂಬಿ ಗೆದ್ದಲಿರುವ ಜಾಗದಲ್ಲಿ ರಾತ್ರಿ ಡಬ್ಬು ಹಾಕಿದರೆ ಬೆಳಿಗ್ಗೆ ಕೋಳಿಗೆ ಖರ್ಚಿಲ್ಲದ ಊಟ ಸಿದ್ಧ. ತತ್ತಿಯ ಸಿಪ್ಪೆ ಗಟ್ಟಿಯಾಗಲು ಸುಣ್ಣದಂಶ ಬೇಕು. ಮನೆಯ ತತ್ತಿ ಸಿಪ್ಪೆಯನ್ನೇ ಹುರಿದು ಪುಡಿ ಮಾಡಿ ಬೇರೆ ಬಟ್ಟಲಲ್ಲಿಡಿ.

ನಮ್ಮ ಕಡೆಯ ಎರಡು ಬೆಳೆಗಳ ಬಗ್ಗೆ ಎಚ್ಚರಿಕೆ ಬೇಕು. ಸೋಯಾಬೀನ್ ಹಸಿಯಾಗಿ ಹಾಕಬೇಡಿ. ಅದರಲ್ಲಿರುವ ಒಂದು ಅಂಶ ಪ್ರೋಟೀನು ಜೀರ್ಣವಾಗದಂತೆ ತಡೆಯುತ್ತದೆ, ಚೆನ್ನಾಗಿ ಹುರಿದರೆ ಅದು ಹೋಗುತ್ತದೆ. ಎಮ್ಮೆಗೆ ಇಡುವ ಹತ್ತಿಕಾಳಿನ ಹಿಂಡಿಯನ್ನು ಕೋಳಿಗೆ ಇಡಬೇಡಿ. ಅದರಿಂದ ತತ್ತಿಯ ಹಳದಿ ಕೆಲವು ದಿನದಲ್ಲಿ ಹಸಿರುಗಪ್ಪಾಗುತ್ತದೆ, ಕೊಂಡವರು ಕೊಳೆತಿದೆ ಎಂದು ಜಗಳಕ್ಕೆ ಬರುತ್ತಾರೆ. ಬೂಸ್ಟು ಹಿಡಿದ ಗೋವಿನಜೋಳ, ಮುಗ್ಗಲು ವಾಸನೆಯ ಹಿಂಡಿ ಕೋಳಿಗೆ ವಿಷ. ದನಕ್ಕೆ ಬೇಡಾದ್ದು ಕೋಳಿಗೆ ಎಂಬ ರೂಢಿ ಬಿಡಬೇಕು.

ಮೂರು, ಗೂಡು. ನಮ್ಮ ಥಂಡಿಗೆ ಕೋಳಿ ಹೆದರುವುದಿಲ್ಲ, ಅದರ ಪುಕ್ಕವೇ ಅದಕ್ಕೆ ಕೌದಿ. ಹೆದರುವುದು ಹಸಿ ನೆಲಕ್ಕೆ, ರಾತ್ರಿ ನೇರ ಬಡಿಯುವ ಗಾಳಿಗೆ. ಗಾಳಿ ಬರುವ ದಿಕ್ಕಿಗೆ ಗೋಣಿಚೀಲ ಕಟ್ಟಿ, ಮೇಲೆ ಉಸಿರಾಡಲು ಜಾಗ ಬಿಡಿ, ನೆಲಕ್ಕೆ ಒಣ ಹೊಟ್ಟು ಹರಡಿ. ತತ್ತಿಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಬೆಳಿಗ್ಗೆ ಗೂಡು ತೆಗೆದ ಕೂಡಲೇ ಹೊಸ ನೀರಿಡಿ.

ಇಷ್ಟೆಲ್ಲ ಮಾಡಿದ ಮೇಲೆ ಬಲ್ಬಿನ ಮಾತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾ ತಳಿ ಸಾಕಿದವರಿಗೆ ಅದು ಉಪಯೋಗ. ಗಿರಿರಾಜ ವರ್ಷಕ್ಕೆ 130ರಿಂದ 150 ತತ್ತಿ ಇಡುತ್ತದೆ, ಕಾವಿಗೆ ಕೂಡುವುದಿಲ್ಲ. ಸಣ್ಣ ಎಲ್‌ಇಡಿ ಬಲ್ಬನ್ನು ಬೆಳಗಿನ ಜಾವ ಹಾಕಿ, ಸಂಜೆ ಬೇಡ. ಸಂಜೆ ಹಾಕಿ ಫಕ್ಕನೆ ಆರಿಸಿದರೆ ಕೋಳಿ ಕತ್ತಲಲ್ಲಿ ತಡಕಾಡುತ್ತದೆ. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ 14 ಗಂಟೆಗೆ ನಿಲ್ಲಿಸಿ, ದಿನವೂ ಹೊತ್ತು ತಪ್ಪಬಾರದು. ಐದು ತಿಂಗಳು ತುಂಬದ ಕೋಳಿಗೆ ಹೆಚ್ಚಿನ ಬೆಳಕು ಬೇಡ. ಜವಾರಿ ಕೋಳಿಯ ರೀತಿಯೇ ಬೇರೆ. ಹನ್ನೆರಡು ಹದಿನೈದು ತತ್ತಿ ಇಟ್ಟು ಕಾವಿಗೆ ಕೂಡುತ್ತದೆ, 21 ದಿನಕ್ಕೆ ಮರಿ ಮಾಡುತ್ತದೆ, ಮರಿ ಬೆಳೆಸುತ್ತದೆ. ವರ್ಷಕ್ಕೆ ಐವತ್ತು ಅರವತ್ತು ತತ್ತಿ ಕೊಟ್ಟರೆ ಅದು ತನ್ನ ಕೆಲಸ ಮಾಡಿದೆ ಎಂದೇ ಲೆಕ್ಕ. ಅದಕ್ಕೆ ಬಲ್ಬ್ ಹಾಕಿ ದುಡಿಸುವುದು ಬೇಡ, ದಣಿವಾರಿಸಿಕೊಳ್ಳಲಿ ಎನ್ನುವುದು ನಮ್ಮ ಅಭಿಪ್ರಾಯ.

ಇನ್ನು ಇದೆಲ್ಲಕ್ಕಿಂತ ದೊಡ್ಡ ಮಾತು. ಕೊಕ್ಕರೆ ರೋಗ ಬಂದರೆ ಮೇವು, ಗೂಡು, ಬಲ್ಬ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ನಾಲ್ಕೇ ದಿನದಲ್ಲಿ ಓಣಿಯ ಕೋಳಿಗಳೆಲ್ಲ ಖಾಲಿ. ಇದಕ್ಕೆ ಔಷಧ ಇಲ್ಲ, ಲಸಿಕೆ ಇದೆ. ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರಕ್ಕೆ ರೆಕ್ಕೆಯಡಿ ಚುಚ್ಚುಮದ್ದು. ಆದರೆ ಸೀಸೆ ಬರುವುದು ನೂರು ಕೋಳಿಯ ಲೆಕ್ಕಕ್ಕೆ. ಕಲಸಿದ ಮೇಲೆ ತಂಪಾಗಿಟ್ಟು ಒಂದೆರಡು ತಾಸಿನಲ್ಲಿ ಮುಗಿಸಬೇಕು. ಆರು ಕೋಳಿಯ ಅವ್ವ ಒಬ್ಬಳೇ ಅದನ್ನು ತಂದು ಏನು ಮಾಡಬೇಕು?

ಇದಕ್ಕೆ ದಾರಿ ಒಂದೇ, ಓಣಿ ಕೂಡಬೇಕು. ಸ್ವಸಹಾಯ ಸಂಘದ ಸಭೆಯಲ್ಲಿ ಸಾಲದ ಕಂತಿನ ಜೊತೆ ಕೋಳಿಯ ಲೆಕ್ಕವನ್ನೂ ಬರೆಯಿರಿ. ನೂರು ಕೋಳಿ ಆದ ದಿನ ಪಶು ಆಸ್ಪತ್ರೆಗೆ, ಪಶುಸಖಿಗೆ ಹೇಳಿ ದಿನ ಗೊತ್ತು ಮಾಡಿ. ಬೆಳಿಗ್ಗೆ ಗೂಡು ತೆಗೆಯುವ ಮುಂಚೆ ಲಸಿಕೆ ಮುಗಿಸಬಹುದು. ಸರ್ಕಾರಕ್ಕೂ ನಮ್ಮದೊಂದು ಪ್ರಶ್ನೆ ಇದೆ. ಕಾಲುಬಾಯಿ ಬೇನೆಯ ಲಸಿಕೆ ದನ ಇರುವ ಮನೆಯ ಬಾಗಿಲಿಗೇ ಬರುತ್ತದೆ, ಅದು ಒಳ್ಳೆಯದೇ. ಕೋಳಿಯ ಲಸಿಕೆ ಯಾಕೆ ಹಾಗೆ ಬರಬಾರದು? ದನದ ದುಡ್ಡು ಹೆಚ್ಚಾಗಿ ಗಂಡಸರ ಕಿಸೆಗೆ, ತತ್ತಿಯ ದುಡ್ಡು ಹೆಂಗಸರ ಸೆರಗಿನ ಗಂಟಿಗೆ ಹೋಗುತ್ತದೆ ಎನ್ನುವುದು ಕಾರಣ ಆಗಿರಬಾರದು.

ಆ ಗಂಟು ಸಣ್ಣದಿರಬಹುದು. ಮಕ್ಕಳ ಪಟ್ಟಿ, ಪೆನ್ನು, ತವರಿಗೆ ಹೋಗುವ ಬಸ್ ಚಾರ್ಜು, ಯಾರನ್ನೂ ಕೇಳದೆ ಖರ್ಚು ಮಾಡುವ ಹತ್ತಿಪ್ಪತ್ತು ರೂಪಾಯಿ ಎಲ್ಲ ಅದರಿಂದಲೇ ಬರುತ್ತವೆ. ಆದ್ದರಿಂದ ಈ ಸಂತೆಗೆ ಕೋಳಿ ಹೊರಡುವ ಮುಂಚೆ ಅದರ ರೆಕ್ಕೆ ಎತ್ತಿ ನೋಡಿ. ಎಳೆ ಪುಕ್ಕದ ಮೊಳಕೆ ಕಂಡರೆ ಅವ್ವಂದಿರೇ, ಅಕ್ಕಂದಿರೇ, ಅದನ್ನು ವಾಪಸ್ ಗೂಡಿಗೆ ಬಿಡಿ. ಎರಡು ತಿಂಗಳು ತಡೆಯಿರಿ, ಅದು ಮತ್ತೆ ತತ್ತಿ ಇಡುತ್ತದೆ.