ಮಧುಮೇಹವುಳ್ಳ ಮಗುವೂ ಶಾಲೆಯೂ

ಮುಂಬಯಿಯ ನಮ್ಮ ಬಂಧುಗಳಲ್ಲಿ ಕೆಲವರು, ಮುಂದೆ ಮದುವೆಗೆ ಅಡ್ಡಿಯಾದೀತೆಂದು, ಮಗಳ ಮಧುಮೇಹವನ್ನು ಶಾಲೆಗೂ ತಿಳಿಸುವುದಿಲ್ಲ. ಈ ಸಂಕೋಚ ಅಪಾಯಕಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ಸುಲಿನ್ ಪಡೆಯುವ ಮಗು ಪಾಠದ ನಡುವೆ ಬೆವರಿ, ನಡುಗಿ, ಕಾರಣವಿಲ್ಲದೆ ಸಿಡುಕಿದರೆ ಅದನ್ನು ಹಟವೆಂದು ಗದರಿಸಕೂಡದು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಿರಬಹುದು. ಪರೀಕ್ಷಿಸುವ ಸಾಧನ ಕೈಯಲ್ಲಿಲ್ಲದಿದ್ದರೆ ಕಾಯದೆ, ವಯಸ್ಸಿಗೆ ತಕ್ಕಂತೆ ಎರಡು ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸತಕ್ಕದ್ದು. 15 ನಿಮಿಷಗಳಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. (ಚಾಕೊಲೇಟು ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡವಾಗಿಸುತ್ತದೆ.) ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟನ್ನು ಮಾಡಬೇಕಾದವರು ಯಾರು? ತಂದೆ ಚರ್ಚ್‌ಗೇಟಿನ ಕಚೇರಿಯಲ್ಲಿ, ತಾಯಿ ಲೋಕಲ್ ಗಾಡಿಯಲ್ಲಿ, ಅಜ್ಜಿ ಉಡುಪಿಯಲ್ಲಿ. ಆ ಹೊತ್ತಿಗೆ ಹತ್ತಿರವಿರುವವರು ತರಗತಿಯ ಶಿಕ್ಷಕಿಯೊಬ್ಬರೇ; ಅವರಿಗೇ ವಿಷಯ ತಿಳಿದಿಲ್ಲ.